ಜೇನು ಬಣ್ಣದ ಸ್ವಿಚ್ಚು

ಶ್ರಾವಣದ ಎರಡನೇ ಸೋಮವಾರ ನನ್ನ ದಿನಚರಿಯಲ್ಲಿ ಒಂದೇ ಸಾಲು ಇದೆ: ‘ಎಫ್ ಕೀಲಿ, ಮೂರು ಸಲ.’

ಆ ಸಂಜೆ ಅಕ್ಕ ಶಿಗ್ಗಾಂವಿಯ ಬಸ್ಸು ಇಳಿದು ಬಂದವಳು ಕೈಕಾಲು ಕೂಡ ತೊಳೆಯದೆ ಕಟ್ಟೆಯ ಮೇಲೆ ಕುಳಿತಳು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಆ ಸದ್ದಿನ ಮರೆಯಲ್ಲಿ ಅಕ್ಕ ಮೆಲ್ಲಗೆ ಹೇಳಿದಳು.

“ಎಫ್ ಒತ್ತಿದ್ರ ಸಪ್ಪಳ ಬರ್ತೈತಿ, ಅಕ್ಷರ ಬೀಳವಲ್ದು. ಇವತ್ತ ಮೂರು ಸಲ ಹಂಗಾತು.”

ಕೀಬೋರ್ಡಿನ ಒಂದು ಕೀಲಿ ಕೆಟ್ಟರೆ ಯಾರೂ ಹೆದರುವುದಿಲ್ಲ, ಹೊಸದು ತರುತ್ತಾರೆ. ನಾವು ಹೆದರಿದ್ದಕ್ಕೆ ಕಾರಣ ಅಕ್ಕನ ಕಣ್ಣು.

ಅಕ್ಕನಿಗೆ ಪಕ್ಕದ ನೋಟ ಇಲ್ಲ. ಎದುರಿಗೆ ಒಂದು ಗಂಗಾಳದಷ್ಟು ಜಾಗ ಕಾಣುತ್ತದೆ, ಅದರ ಸುತ್ತ ಏನೂ ಇಲ್ಲ. ಹೊತ್ತು ಮುಳುಗಿದರೆ ಅದೂ ಮಸುಕು. ಗಂಗಾಳ ವರ್ಷದಿಂದ ವರ್ಷಕ್ಕೆ ಸಣ್ಣದಾಗುತ್ತ ಹೋಗುತ್ತದೆ, ಔಷಧ ಇಲ್ಲ ಎಂದು ಹುಬ್ಬಳ್ಳಿಯ ಡಾಕ್ಟರು ಹೇಳಿದ್ದರು. ಮೊದಲು ಅವಳು ಬೇರೊಂದು ಊರಿನ ಝೆರಾಕ್ಸ್ ಅಂಗಡಿಯಲ್ಲಿದ್ದಳು. ಒಂದು ದಿನ ಪಕ್ಕದಲ್ಲಿಟ್ಟ ಚಹಾ ಕಾಣದೆ ಕೈ ತಾಗಿ ಗಿರಾಕಿಯ ಕಾಗದಗಳ ಮೇಲೆ ಚೆಲ್ಲಿತು. ಯಾಕೆ ಹೀಗೆ ಎಂದು ಕೇಳಿದರು, ಇವಳು ನಿಜ ಹೇಳಿದಳು. ಮರುದಿನದಿಂದ ಬರುವುದು ಬೇಡ ಎಂದುಬಿಟ್ಟರು. ಆಮೇಲೆ ಒಂದೂವರೆ ವರ್ಷ ಮನೆಯಲ್ಲಿ ಕುಳಿತ ಅಕ್ಕ ಹೇಗಿದ್ದಳು ಎಂಬುದನ್ನು ನಾನು ದಿನಚರಿಯಲ್ಲಿ ಬರೆದಿಲ್ಲ. ಆ ಪುಟಗಳು ಖಾಲಿ ಇವೆ.

ಶಿಗ್ಗಾಂವಿಯ ಪ್ರಿಂಟಿಂಗ್ ಅಂಗಡಿಗೆ ಸೇರಿದಾಗ ಅವಳು ಕಣ್ಣಿನ ವಿಷಯ ಹೇಳಲಿಲ್ಲ. ಅಲ್ಲಿ ಅವಳ ಕೆಲಸ ಟೈಪ್ ಮಾಡುವುದು: ಲಗ್ನಪತ್ರಿಕೆ, ಅರ್ಜಿ, ಬಾಂಡು, ಗಣಪತಿ ಹಬ್ಬದ ಪಾವತಿ ಪುಸ್ತಕ. ಮೂಲ ಕಾಗದವನ್ನು ಆ ಗಂಗಾಳದಷ್ಟು ಜಾಗದಲ್ಲಿ ಹಿಡಿದು ಒಂದೊಂದೇ ಸಾಲು ಓದುತ್ತಾಳೆ. ಕಣ್ಣು ಕೀಲಿಗಳ ಕಡೆ ತಿರುಗಿದರೆ ಕಾಗದದಲ್ಲಿ ಎಲ್ಲಿದ್ದಳೆಂಬುದು ತಪ್ಪಿಹೋಗುತ್ತದೆ. ಹಾಗಾಗಿ ಬೆರಳು ಮತ್ತು ಕಿವಿ ಸಾಕಾಗಬೇಕು. ಆ ಅಂಗಡಿಯಲ್ಲಿ ಸಾಕಾಗುತ್ತಿದ್ದವು, ಯಾಕೆಂದರೆ ಅಲ್ಲಿಯ ಕೀಬೋರ್ಡು ಹಳೆಯದು. ಇಟ್ಟಂಗಿಯಷ್ಟು ಭಾರ. ಒಂದೊಂದು ಕೀಲಿಯ ಕೆಳಗೂ ಒಂದೊಂದು ಸ್ವಿಚ್ಚು. ಒತ್ತಿದಾಗ ಬೆರಳಿನ ಕೆಳಗೆ ಸಣ್ಣ ತಡೆ ಸಿಕ್ಕು, ‘ಟಕ್’ ಎಂದು ಬಿಡುತ್ತದೆ. ಟಕ್ ಎಂದರೆ ಅಕ್ಷರ ಬಿತ್ತು ಎಂದರ್ಥ. ಅಕ್ಕ ಪರದೆ ನೋಡುವುದೇ ಇಲ್ಲ.

ಎಫ್ ಕೀಲಿಯ ಮೇಲೆ ಎಡಗೈ ತೋರುಬೆರಳಿಗೆ ಗುರುತಾಗಿ ಒಂದು ಉಬ್ಬು ಇರುತ್ತದೆ. ಕನ್ನಡದಲ್ಲಿ ಒತ್ತಕ್ಷರ ಕೂಡಿಸುವುದೂ ಅದೇ ಕೀಲಿ. ಅಂದರೆ ಬೆರಳಿನ ಮನೆಯೇ ಕೆಟ್ಟಿತ್ತು.

ಅಂಗಡಿಯ ಮಾಲೀಕರನ್ನು ನಾವು ಕಾಕಾ ಎನ್ನುತ್ತೇವೆ. ಕಾಲಿನಿಂದ ತುಳಿಯುವ ಅಚ್ಚುಯಂತ್ರದ ಕಾಲದಿಂದ ಇದೇ ಕಸುಬಿನವರು. ಆ ವಾರದಲ್ಲೇ ಒಂದು ಪತ್ರಿಕೆಯ ಕರಡು ಹಿಡಿದು ಅಕ್ಕನ ಬಳಿ ಬಂದರಂತೆ.

“ಏನವಾ ಇದು, ಬಾಲವಾಡಿ ಹುಡುಗ್ರು ಬರದಂಗ ಐತಿ. ಒತ್ತಕ್ಷರಾನ ಇಲ್ಲ.”

“ಕೀಲಿ ಸ್ವಲ್ಪ ಹಿಡಿಯಾಕತ್ತೇತ್ರಿ ಕಾಕಾ.”

“ಹಿಡೀದ ಏನ್ ಮಾಡ್ತೈತಿ, ನಿನ್ನ ವಯಸ್ಸಿಗಿಂತ ದೊಡ್ಡದೈತಿ ಅದು. ಖಂಡೆ ಪೂಜಿಗೆ ಹೊಸಾದು ತಂದು ಇಟ್ಟಬಿಡೂಣು. ತೆಳ್ಳಂದು ಬಂದಾವಲ್ಲ, ಸಪ್ಪಳನ ಬರೂದಿಲ್ಲಂತ.”

ಅಕ್ಕ ಇದನ್ನು ನನಗೆ ಹೇಳುವಾಗ ನಗಲು ಪ್ರಯತ್ನಿಸಿದಳು. “ಸಪ್ಪಳನ ಬರೂದಿಲ್ಲಂತ ಲೇ,” ಎಂದಳು. ಅಷ್ಟೇ.

ನಾನು ಹಾನಗಲ್ಲಿನಲ್ಲಿ ಮೊಬೈಲ್ ರಿಪೇರಿ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ನಮ್ಮ ಊರು ಬಂಕಾಪುರದ ಹತ್ತಿರ. ಅಕ್ಕ ಬೆಳಿಗ್ಗೆ ಒಂದು ದಿಕ್ಕಿನ ಬಸ್ಸು ಹಿಡಿದರೆ ನಾನು ಇನ್ನೊಂದು ದಿಕ್ಕಿನದು. ನನ್ನ ಅಂಗಡಿಯಿಂದ ಒಂದು ತೆಳ್ಳಗಿನ ಕೀಬೋರ್ಡು ತಂದು ಹಳೆಯ ಲ್ಯಾಪ್‌ಟಾಪಿಗೆ ಜೋಡಿಸಿ ಅಕ್ಕನ ಮುಂದಿಟ್ಟೆ. ಅವಳು ಒಂದು ಅರ್ಜಿ ಟೈಪ್ ಮಾಡಿದಳು. ಒಂದೊಂದು ತಪ್ಪಿಗೂ ದಿನಚರಿಯಲ್ಲಿ ಒಂದೊಂದು ಗೀಟು ಹಾಕುತ್ತ ಹೋದ ನಾನು ಅರ್ಧಕ್ಕೇ ಪೆನ್ನು ಇಟ್ಟೆ. ಟಕ್ ಎನ್ನುವ ಹೊಸ ನಮೂನೆಯದನ್ನೂ ತರಿಸಿ ನೋಡಿದೆ. ಕೀಲಿಗಳು ಒತ್ತೊತ್ತಾಗಿದ್ದವು, ಬಣ್ಣಬಣ್ಣದ ದೀಪ ಬೇರೆ.

“ಇದು ಸಪ್ಪಳಾ ಮೊದ್ಲ ಮಾಡ್ತೈತಿ, ಅಕ್ಷರ ಆಮ್ಯಾಲ ಹಾಕ್ತೈತಿ,” ಎಂದಳು ಅಕ್ಕ. “ಇದನ್ನ ನಂಬಾಕ ಬರೂದಿಲ್ಲ.”

ಕಲಿಯಲು ಆರು ತಿಂಗಳು ಕೊಟ್ಟರೆ ಅವಳು ಯಾವುದನ್ನಾದರೂ ಕಲಿತಾಳು. ಖಂಡೆ ಪೂಜೆಗೆ, ಅಂದರೆ ಮಹಾನವಮಿಯ ಆಯುಧಪೂಜೆಗೆ, ಎರಡು ತಿಂಗಳೂ ಇರಲಿಲ್ಲ. ಅಲ್ಲಿಯವರೆಗೆ ಹಳೆಯದನ್ನು ಸರಿ ಮಾಡಬೇಕು. ಮಾಡದಿದ್ದರೆ ಕಾಕಾರಿಗೆ ಅಕ್ಕನ ಕಣ್ಣು ಗೊತ್ತಾಗುತ್ತದೆ. ಗೊತ್ತಾದರೆ ಏನಾಗುತ್ತದೆ ಎಂಬುದನ್ನು ನಾವು ಒಮ್ಮೆ ನೋಡಿದ್ದೆವು.

ಶನಿವಾರ ಅಕ್ಕ ಕೀಬೋರ್ಡನ್ನು ಚೀಲದಲ್ಲಿ ಹಾಕಿಕೊಂಡು ಬಂದಳು. ತಂಗಿ ರಿಪೇರಿ ಮಾಡುತ್ತಾಳೆ ಎಂದು ಕೇಳಿದ್ದಕ್ಕೆ ಕಾಕಾ “ಒಯ್ಯಿ, ಮುರದ್ರ ಮುರೀಲಿ” ಎಂದಿದ್ದರಂತೆ. ಮೊಬೈಲು ಬಿಚ್ಚುವಾಗ ನನಗೆ ಹೆದರಿಕೆ ಇಲ್ಲ. ಇದನ್ನು ಭಾನುವಾರ ಬೆಳಿಗ್ಗೆ ಚಾಪೆಯ ಮೇಲೆ ಇಟ್ಟುಕೊಂಡು ಎಷ್ಟೋ ಹೊತ್ತು ಸುಮ್ಮನೆ ಕುಳಿತಿದ್ದೆ.

ಮೇಲೆ ಕಂಪನಿಯ ಹೆಸರು ಇರಲಿಲ್ಲ. ಹೆಸರು ಇರುವುದಾದರೆ ಬೆನ್ನಿನ ಚೀಟಿಯಲ್ಲಿ ಇರಬೇಕು, ಆದರೆ ಅಲ್ಲಿ ಕಾಕಾ ದೇವರ ಚಿತ್ರವೊಂದನ್ನು ಅಂಟಿಸಿದ್ದರು. ಕೀಳಲು ಮನಸ್ಸು ಬರಲಿಲ್ಲ. ಕೊನೆಗೆ ಕಣ್ಣಿಗೊತ್ತಿಕೊಂಡು, ಬಿಸಿಗಾಳಿ ಹಿಡಿದು, ಮೂಲೆ ಹರಿಯದಂತೆ ಬಿಡಿಸಿದೆ. ಕೆಳಗಿನ ಚೀಟಿ ಮೊದಲೇ ಹರಿದುಹೋಗಿತ್ತು. ಅರ್ಧ ಅಂಕಿ, ಒಂದು ಗೆರೆ, ಮತ್ತೇನಿಲ್ಲ. ಚಿತ್ರವನ್ನು ಮತ್ತೆ ಅಲ್ಲೇ ಅಂಟಿಸಿದೆ.

ಎಫ್ ಕೀಲಿಯ ಟೋಪಿ ಮೇಲೆತ್ತಿದಾಗ ಒಳಗೆ ಕರಿಯ ಡಬ್ಬಿಯಂಥ ಸ್ವಿಚ್ಚು, ಅದರ ನಡುವೆ ಮೇಲೆ ಕೆಳಗೆ ಜಾರುವ ಸಣ್ಣ ತುಂಡು. ಆ ತುಂಡಿನ ಬಣ್ಣ ಜೇನಿನದು. ಬೇರೆ ಕೀಲಿಗಳನ್ನೂ ಎತ್ತಿ ನೋಡಿದೆ. ಎಲ್ಲವೂ ಜೇನು.

ಹಳೆಯ ಕೀಬೋರ್ಡುಗಳ ಗುರುತು ಹಿಡಿಯುವ ಹುಚ್ಚಿರುವ ಜನ ಇಂಟರ್ನೆಟ್ಟಿನಲ್ಲಿ ಒಂದು ಗುಂಪು ಮಾಡಿಕೊಂಡಿದ್ದಾರೆ. ನಾನು ಅಲ್ಲಿ ಎರಡು ವರ್ಷದಿಂದ ಸುಮ್ಮನೆ ಓದುತ್ತಿದ್ದವಳು. ಅವರ ವಿಧಾನ ನನಗೆ ಇಷ್ಟ: ಮೊದಲು ಬೆನ್ನಿನ ಚೀಟಿ, ಆಮೇಲೆ ಎಂಟರ್ ಕೀಲಿಯ ಆಕಾರ, ವೈರಿನ ತುದಿ, ಕೊನೆಗೆ ಜಾರುವ ತುಂಡಿನ ಬಣ್ಣ ಮತ್ತು ಸದ್ದು. ಡಬ್ಬಿ ಒಂದೇ ಇದ್ದರೂ ಬಣ್ಣದ ಮೇಲೆ ಸ್ವಿಚ್ಚಿನ ಗುಣ ಬೇರೆ. ನೀಲಿ ಒಂದು, ಬಿಳಿ ಒಂದು, ಹಳದಿ ಇನ್ನೊಂದು. ಫೋಟೋಗಳನ್ನು ಹಾಕಿ, ಸದ್ದನ್ನು ರೆಕಾರ್ಡ್ ಮಾಡಿ ಕಳಿಸಿದೆ.

ಆ ರಾತ್ರಿಯೇ ಬಂದ ಉತ್ತರಗಳಿಂದ ನನ್ನ ನಿದ್ದೆ ಕೆಟ್ಟಿತು. ಜೇನು ಬಣ್ಣದ್ದು ಬಹಳ ಅಪರೂಪ ಎಂದರು. ಸದ್ದು ಗಡಸಾಗಿ, ತಗ್ಗಿದ ದನಿಯಲ್ಲಿದೆ, ಹೊಂದುತ್ತದೆ ಎಂದರು. ಅಭಿನಂದನೆ ಹೇಳಿದವರೂ ಇದ್ದರು. ಅಂಥದೇ ಇನ್ನೊಂದು ಸಿಕ್ಕದೆ ಇದನ್ನು ಉಳಿಸಲು ಆಗುವುದಿಲ್ಲ, ಒತ್ತಿದಾಗ ವಿದ್ಯುತ್ತು ಕೂಡಿಸುವ ಒಳಗಿನ ತಗಡಿನ ಎಲೆ ಸತ್ತರೆ ಮತ್ತೆ ಜೀವ ಬರುವುದಿಲ್ಲ ಎಂದೂ ಬರೆದಿದ್ದರು. ಅಪರೂಪ ಎಂಬ ಮಾತು ಅವರಿಗೆ ಸಂತೋಷದ್ದು. ಹಾವೇರಿ ಜಿಲ್ಲೆಯಲ್ಲಿ ಕುಳಿತು ನಾನು ಅದನ್ನು ಓದಿದ್ದು ಬೇರೆ ರೀತಿ.

ಸದ್ಯಕ್ಕೆ ಒಂದು ಉಪಾಯ ಇತ್ತು. ಕೀಬೋರ್ಡಿನ ಬಲಮೂಲೆಯಲ್ಲಿ ಯಾರೂ ಒತ್ತದ ಕೀಲಿಗಳಿರುತ್ತವೆ. ಅವುಗಳಲ್ಲಿ ಒಂದರ ಸ್ವಿಚ್ಚನ್ನು ಬೆಸುಗೆ ಬಿಡಿಸಿ ಎಫ್‌ಗೆ ಕೂರಿಸಿದೆ. ಅಕ್ಕ ಸೋಮವಾರ ನಗುತ್ತ ಹೋದಳು. ಬುಧವಾರ ‘ಕೆ’ ಹೋಯಿತು. ನಂತರ ‘ಡಿ’ ಒಂದು ಸಲ ಒತ್ತಿದರೆ ಎರಡು ಸಲ ಬೀಳತೊಡಗಿತು. ದಿನಚರಿಯಲ್ಲಿ ಎರಡು ಸಾಲು ಮಾಡಿಕೊಂಡೆ: ಎಡಕ್ಕೆ ಸತ್ತವು, ಬಲಕ್ಕೆ ಕೊಡಲು ಉಳಿದವು. ಎಡದ ಸಾಲು ಬೆಳೆಯುತ್ತಿತ್ತು, ಬಲದ್ದು ಕರಗುತ್ತಿತ್ತು. ಸಂಜೆ ಅಕ್ಕ ಬಸ್ಸಿಳಿಯುವಾಗ ನಾನು ಮೊದಲು ನೋಡುತ್ತಿದ್ದುದು ಅವಳ ಮುಖವನ್ನಲ್ಲ, ಅವಳ ಹೆಗಲ ಚೀಲವನ್ನು. ಚೀಲ ಭಾರವಾಗಿ ಜೋತುಬಿದ್ದಿದ್ದರೆ ಕೀಬೋರ್ಡು ಮತ್ತೆ ಮನೆಗೆ ಬಂದಿದೆ ಎಂದರ್ಥ.

ಜೊತೆಗೆ ಹುಡುಕಾಟ. ಹಾನಗಲ್ಲಿನಲ್ಲಿ ನನಗೆ ಗೊತ್ತಿದ್ದ ಟೈಪಿಂಗ್ ಕ್ಲಾಸುಗಳನ್ನೆಲ್ಲ ಕೇಳಿದೆ. ರಜೆ ಹಾಕಿ ಹಿರೇಕೆರೂರಿಗೆ ಹೋದೆ. ಅಲ್ಲಿ ಗೋವಿನಜೋಳದ ವ್ಯಾಪಾರಿಯೊಬ್ಬರ ಅಡತಿ ಅಂಗಡಿಯ ಅಟ್ಟದಲ್ಲಿ ಹಳೆಯ ಕಂಪ್ಯೂಟರುಗಳಿವೆ ಎಂದು ನಮ್ಮ ಗಿರಾಕಿಯೊಬ್ಬ ಹೇಳಿದ್ದ. ಅಟ್ಟ ಹತ್ತಿದರೆ ಎಲ್ಲ ಕೀಬೋರ್ಡುಗಳ ಒಳಗೂ ರಬ್ಬರಿನ ಹಾಳೆ. ಒತ್ತಿದರೆ ಸದ್ದಿಲ್ಲದೆ ತಗ್ಗುತ್ತವೆ. ಒಂದರೊಳಗೆ ಇಲಿ ಮರಿ ಹಾಕಿತ್ತು.

“ಏನ್ ಹುಡುಕಾಕತ್ತೀಯವಾ?” ಎಂದು ಕೆಳಗಿನಿಂದ ವ್ಯಾಪಾರಿ ಕೇಳಿದರು.

“ಟಕ್ ಅನ್ನೂದು ಬೇಕಾಗೇತ್ರಿ.”

“ನಮ್ಮಲ್ಲಿ ಟಕ್ ಅನ್ನೂದು ನನ್ನ ಮೊಳಕಾಲು ಒಂದ. ಒಯ್ತೀಯೇನು?”

ನಾನು ನಕ್ಕೆ. ಬರಿಗೈಯಲ್ಲಿ ಏಣಿ ಇಳಿದೆ.

ಸವಣೂರಿನಲ್ಲಿ ಸಿಕ್ಕಿತು, ಅಥವಾ ಸಿಕ್ಕಿತೆಂದುಕೊಂಡೆ. ಬಸ್ ನಿಲ್ದಾಣದಿಂದ ಸ್ವಲ್ಪ ದೂರ ಒಬ್ಬ ಚಾಚಾ ಗುಜರಿ ಅಂಗಡಿ ಇಟ್ಟಿದ್ದಾರೆ. ಬಾಯಿ ತುಂಬ ಸವಣೂರಿನ ವೀಳ್ಯದೆಲೆ, ಮಾತು ಕಡಿಮೆ. ನಾನು ಚೀಲದಿಂದ ಸತ್ತ ಸ್ವಿಚ್ಚೊಂದನ್ನು ತೆಗೆದು ತೋರಿಸಿದಾಗ ಅವರು ರಾಶಿಯ ಕೆಳಗೆ ಕೈ ಹಾಕಿ ಒಂದು ಕೀಬೋರ್ಡು ಎಳೆದರು. ಅದೇ ಭಾರ, ಅದೇ ದೊಡ್ಡ ಎಂಟರ್. ಟೋಪಿ ಎತ್ತಿದೆ. ಜಾರುವ ತುಂಡು ಬಿಳಿ, ಸುಣ್ಣದಂಥ ಬಿಳಿ. ಒತ್ತಿದೆ. ಸದ್ದು ಚುರುಕು, ಒಣ ಕಡ್ಡಿ ಮುರಿದಂತೆ. ಅಕ್ಕನದು ಹಾಗಲ್ಲ, ಅದು ಒದ್ದೆ ಕಟ್ಟಿಗೆ.

“ಇದಲ್ಲ ಚಾಚಾ. ಬಣ್ಣಾ ಬ್ಯಾರೇ ಐತಿ.”

“ಬಣ್ಣಾ ತಗೊಂಡು ಏನ್ ಮಾಡ್ತಿ ಬೇಟಾ? ಒತ್ತಿದ್ರ ಒತ್ತತೈತಿ.”

“ಬಣ್ಣಾ ಬ್ಯಾರೇ ಅಂದ್ರ ಒಳಗಿನ ಗುಣಾನ ಬ್ಯಾರೇರಿ. ನಮ್ಮಕ್ಕನ ಬೆರಳಿಗೆ ಗೊತ್ತಾಗಿಬಿಡತೈತಿ.”

“ಹಂಗಾರ ಬ್ಯಾಡ ಬಿಡು. ಗಾಡಿ ಬಂದ್ರ ಹುಬ್ಬಳ್ಳಿಗೆ ಹೋಗ್ತೈತಿ ಇದೆಲ್ಲಾ,” ಎಂದು ಅದನ್ನು ಮತ್ತೆ ರಾಶಿಗೆ ಎಸೆದರು. ದಿನಚರಿಯಲ್ಲಿ ಆ ದಿನ ‘ಸವಣೂರು: ಬಿಳಿ. ಅಲ್ಲ.’ ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದೇನೆ. ಗೆರೆಗಳು ಬಹಳ ನೇರವಾಗಿವೆ.

ಗಣಪತಿ ಹಬ್ಬ ಮುಗಿಯಿತು. ಬಲದ ಸಾಲಿನಲ್ಲಿ ಕೊಡಲು ಒಂದೂ ಉಳಿಯಲಿಲ್ಲ. ಕಾಕಾ ಹೊಸ ಕೀಬೋರ್ಡು ತಂದು, ಡಬ್ಬಿ ಒಡೆಯದೆ ಕಪಾಟಿನ ಮೇಲೆ ಇಟ್ಟಿದ್ದರು. ಅಕ್ಕನಿಗೆ ಆ ಡಬ್ಬಿ ಕಾಣುವುದಿಲ್ಲ, ಅಷ್ಟು ಎತ್ತರಕ್ಕೆ ಅವಳ ನೋಟ ಹೋಗುವುದಿಲ್ಲ. ಗಿರಾಕಿಯೊಬ್ಬ “ಹೊಸಾದು ಬಂದೈತಲ್ಲ” ಎಂದಾಗ ಗೊತ್ತಾಯಿತಂತೆ.

“ಪಕ್ಕದಾಗ ಯಾರರ ಬಂದು ನಿಂತಾರೇನೋ ಅಂತ ದಿನಾ ಅನಸ್ತೈತಿ,” ಎಂದಳು ಒಂದು ಸಂಜೆ. “ತಿರುಗಿ ನೋಡಿದ್ರ ಯಾರೂ ಇರೂದಿಲ್ಲ. ಈಗ ಆ ಡಬ್ಬಿ ನಿಂತಂಗ ಆಗೇತಿ.”

ನಾನು ಅವಳ ಊಟದ ತಾಟನ್ನು ಅವಳಿಗೆ ಕಾಣುವ ಜಾಗಕ್ಕೆ ಸ್ವಲ್ಪ ಸರಿಸಿದೆ.

ಮುಂದಿನ ಭಾನುವಾರ ಬೇರೆ ಏನು ಮಾಡಲೂ ತೋಚದೆ ಕೀಲಿಗಳ ಟೋಪಿಗಳನ್ನೆಲ್ಲ ತೆಗೆದೆ. ತೊಳೆದರೆ ಸ್ವಚ್ಛವಾದರೂ ಆಗಲಿ ಎಂದು ಬುಟ್ಟಿಯಲ್ಲಿ ಬಟ್ಟೆ ಸೋಡಾ, ಸಾಬೂನು ಪುಡಿ ಕಲಸಿ ಅವನ್ನು ಮುಳುಗಿಸಿದೆ. ಸತ್ತ ಸ್ವಿಚ್ಚುಗಳಿಂದ ಬಿಚ್ಚಿ ತೆಗೆದ ಜಾರುವ ತುಂಡುಗಳನ್ನೂ ಹಾಕಿದೆ. ಒಳಗೆ ಹೋಗಿ ಬರುವಷ್ಟರಲ್ಲಿ ಬುಟ್ಟಿಯ ನೀರು ಕೆಂಪಾಗಿತ್ತು. ಕೈ ಹಾಕಿ ಕಲಕಿದೆ. ಬೆರಳಿನ ಸಂದುಗಳೆಲ್ಲ ರಕ್ತದಂತೆ ಕೆಂಪು. ಕೈ ಎಲ್ಲಿ ಕೊಯ್ದಿದೆ ಎಂದು ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲೂ ಇರಲಿಲ್ಲ. ನನಗೆ ನಿಜವಾಗಿ ಅನ್ನಿಸಿದ್ದು, ಇದರೊಳಗಿಂದಲೇ ರಕ್ತ ಬರುತ್ತಿದೆ ಎಂದು. ಕೂಗಿದೆ.

ಅವ್ವ ಓಡಿಬಂದವಳು ಬುಟ್ಟಿ ನೋಡಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಆಮೇಲೆ ಬಗ್ಗಿ ಒಂದು ಟೋಪಿ ಎತ್ತಿ, ಉಗುರಿನಿಂದ ಕೆರೆದು, ಮೂಗಿಗೆ ಹಿಡಿದಳು.

“ಲೇ ಹುಚ್ಚಿ, ಅರಿಷಿಣ. ಸಾಬಾನ ಬಿದ್ರ ಅರಿಷಿಣ ಕೆಂಪಾಗೂದಿಲ್ಲೇನು? ನಿನ್ನ ಸೀರಿಗೆ ಎಷ್ಟು ಸಲ ಹಂಗಾಗಿಲ್ಲ!”

“ಕೀಬೋರ್ಡಿಗೆ ಎಲ್ಲಿ ಅರಿಷಿಣ ಬೇ?”

ಬಾಗಿಲಲ್ಲಿ ನಿಂತ ಅಕ್ಕ ಹೇಳಿದಳು, “ಭಂಡಾರ.”

ಕಾಕಾ ದೇವರಗುಡ್ಡದ ದೇವರಿಗೆ ನಡೆದುಕೊಳ್ಳುವವರು. ಅಲ್ಲಿಂದ ತಂದ ಅರಿಶಿನ ಪುಡಿ, ಅಂದರೆ ಭಂಡಾರವನ್ನು, ಪ್ರತಿ ಖಂಡೆ ಪೂಜೆಗೆ ಅಂಗಡಿಯ ಎಲ್ಲ ಯಂತ್ರಗಳ ಮೇಲೆ ಮುಷ್ಟಿ ಮುಷ್ಟಿ ಹಾರಿಸುತ್ತಾರೆ. ಅದಕ್ಕೂ ಮೊದಲು ಯಂತ್ರಗಳಿಗೆ ಎಣ್ಣೆ ಬಿಡುತ್ತಾರೆ. ಹಳೆಯ ಅಚ್ಚುಯಂತ್ರದ ಅಭ್ಯಾಸ ಅದು. ಮಷಿನು ಎಂದ ಮೇಲೆ ಎಣ್ಣೆ ಬೇಕು. ಎಣ್ಣೆಡಬ್ಬಿಯ ಉದ್ದ ಮೂತಿಯನ್ನು ಕೀಲಿಗಳ ಸಂದಿಗಿಟ್ಟು ಸಾಲುಸಾಲಾಗಿ ಹನಿಸುತ್ತ ಹೋಗುವುದನ್ನು ಅಕ್ಕ ಆರು ವರ್ಷದಿಂದ ಕೇಳಿದ್ದಳು. ಹೌದು, ಕೇಳಿದ್ದಳು, ಆ ಡಬ್ಬಿಯ ತಳ ‘ಪೊಕ್ ಪೊಕ್’ ಎನ್ನುತ್ತದಂತೆ. ಅವಳು ಬರುವ ಮೊದಲು ಎಷ್ಟು ವರ್ಷ ಹೀಗೆ ಹನಿಸಿದ್ದರೋ.

ನಾನು ಕೆಂಪು ಕೈಗಳನ್ನು ಹಾಗೇ ಹಿಡಿದು ಕುಳಿತೆ. ಎಣ್ಣೆಯಲ್ಲಿ ನೆಂದ ಅರಿಶಿನ ಒಳಗಿಳಿದು ಬಿಳಿಯ ತುಂಡುಗಳನ್ನು ಜೇನಿನ ಬಣ್ಣಕ್ಕೆ ತಿರುಗಿಸಿತ್ತು. ಅದೇ ಎಣ್ಣೆ ಚುರುಕಾದ ಸದ್ದನ್ನು ತಗ್ಗಿಸಿತ್ತು. ಅದೇ ಜಿಗುಟು ತಗಡಿನ ಎಲೆಗಳನ್ನು ಕೊಂದಿತ್ತು. ಬಣ್ಣ, ಸದ್ದು ಎರಡನ್ನೂ ನಾನು ಸರಿಯಾಗಿಯೇ ಬರೆದುಕೊಂಡಿದ್ದೆ. ಹಾಗೆ ಬರೆದುಕೊಂಡು, ಬೇಕಾದ ಕೀಬೋರ್ಡನ್ನೇ ಸವಣೂರಿನಲ್ಲಿ ಬೇಡ ಎಂದು ಬಂದಿದ್ದೆ.

ಆದರೂ ಖಾತ್ರಿ ಬೇಕಿತ್ತು. “ಬಿಸಲಿಗಿಡು, ಅರಿಷಿಣದ ಕಲಿ ಬಿಸಲಿಗೆ ಹೋಗ್ತೈತಿ,” ಎಂದಳು ಅವ್ವ. ಒಂದು ತುಂಡನ್ನು ಒರೆಸಿ ಹಿತ್ತಲ ಕಲ್ಲಿನ ಮೇಲಿಟ್ಟೆ. ಮೋಡ ಬಂದು ಬಂದು ಹೋಗುತ್ತಿತ್ತು. ಕಾಗೆ ಒಯ್ದೀತೆಂದು ಅಲ್ಲೇ ಕುಳಿತಿದ್ದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ತುಂಡಿನ ಕೆಳಮೈ ಇನ್ನೂ ಹಳದಿ, ಬಿಸಿಲು ಬಿದ್ದ ಮೈ ಸುಣ್ಣದಂತೆ ಬಿಳಿ.

ಸೋಮವಾರ ಸವಣೂರಿನ ಬಸ್ಸಿನಲ್ಲಿ ನನ್ನ ತಲೆಯಲ್ಲಿ ಇದ್ದದ್ದು ಒಂದೇ ಮಾತು: ಗಾಡಿ ಬಂದ್ರ ಹುಬ್ಬಳ್ಳಿಗೆ ಹೋಗ್ತೈತಿ. ಬಸ್ಸು ಎಲ್ಲ ಕಡೆ ನಿಂತಿತು. ದಾರಿಯಲ್ಲಿ ಗುಜರಿ ತುಂಬಿದ ಒಂದು ಟೆಂಪೋ ಎದುರಿಗೆ ಬಂದು ದಾಟಿಹೋದಾಗ ನಾನು ಸೀಟಿನಿಂದ ಎದ್ದುಬಿಟ್ಟೆ. ಕಂಡಕ್ಟರ್ “ಇಳೀತೀರೇನ್ರಿ?” ಎಂದ. ಇಲ್ಲ ಎಂದು ಕುಳಿತೆ.

ಚಾಚಾನ ಅಂಗಳ ಖಾಲಿಯಾಗಿತ್ತು. ರಾಶಿ ಇದ್ದ ಜಾಗದಲ್ಲಿ ನೆಲ ಕಾಣುತ್ತಿತ್ತು, ಕಸಬರಿಗೆಯ ಗೀರು ಕೂಡ.

“ಚಾಚಾ, ಆ ಕೀಬೋರ್ಡ?”

“ಶನಿವಾರ ಗಾಡಿ ಹೋತಲ್ಲ ಬೇಟಾ.”

ನನ್ನ ಮುಖದಲ್ಲಿ ಏನು ಕಂಡರೋ, ಎಲೆ ಅಗಿಯುವುದನ್ನು ನಿಲ್ಲಿಸಿದರು. “ಯಾಕ, ಬಣ್ಣಾ ಬ್ಯಾರೇ ಅಂದಿದ್ದೆಲ್ಲ?”

“ಅದ ಬಣ್ಣಾರಿ. ನಂದ ತಪ್ಪಾತು. ಅದು ಬರಲಿಲ್ಲಂದ್ರ ನಮ್ಮಕ್ಕನ ಕೆಲಸ ಹೋಗ್ತೈತ್ರಿ.”

ಅಕ್ಕನ ವಿಷಯ ಮನೆಯ ಹೊರಗೆ ಅಷ್ಟಾದರೂ ಬಾಯಿಬಿಟ್ಟದ್ದು ಅದೇ ಮೊದಲು. ಚಾಚಾ ನನ್ನನ್ನು ನೋಡಿದರು. ಆಮೇಲೆ ತಕ್ಕಡಿ ಇಟ್ಟ ಮೇಜಿನ ಕಡೆ ನಡೆದು, ಒಂದು ಕೈಯಿಂದ ಮೇಜು ಎತ್ತಿ, ಗಿಡ್ಡ ಕಾಲಿನ ಕೆಳಗಿಂದ ಆ ಕೀಬೋರ್ಡನ್ನು ಕಾಲಿನಿಂದಲೇ ಹೊರಗೆ ತಳ್ಳಿದರು.

“ಭಾಳ ಗಟ್ಟಿ ಐತಿ ಅಂತ ಇಟಗೊಂಡಿದ್ದೆ. ತಕ್ಕಡಿ ಅಲಗ್ಯಾಡ್ತಿತ್ತು. ಆದ್ರ ವೈರ್ ಕೊಯ್ದಬಿಟ್ಟೀನಿ ನೋಡು, ತಾಮ್ರಕ್ಕ. ಬಾಲಾ ಇಲ್ಲದ್ದು ನಡೀತೈತೇನು?”

ನಡೆಯುತ್ತದೆ ಎಂದು ತಲೆ ಅಲ್ಲಾಡಿಸಿದೆ. ಮೇಜಿನ ಕಾಲು ಬಲಗಡೆಯ ಅಂಕಿಗಳ ಮೇಲೆ ಊರಿತ್ತು, ಅಲ್ಲಿಯ ಸ್ವಿಚ್ಚುಗಳು ಜಜ್ಜಿಹೋಗಿದ್ದವು. ಅಕ್ಷರಗಳ ಭಾಗ ಉಳಿದಿತ್ತು. ಅಲ್ಲೇ ಮಣ್ಣಿನ ಮೇಲೆ ಕುಳಿತು ಒಂದೊಂದನ್ನೂ ಒತ್ತಿದೆ. ಒಣ ಕಡ್ಡಿ, ಒಣ ಕಡ್ಡಿ, ಒಣ ಕಡ್ಡಿ. “ಹೊಸ ಕಾಲು ಹುಡಕಬೇಕು ಈಗ,” ಎಂದು ಚಾಚಾ ಒಂದು ಇಟ್ಟಂಗಿಗಾಗಿ ಸುತ್ತ ನೋಡಿದರು.

ಅದರ ಸ್ವಿಚ್ಚುಗಳನ್ನು ಬಿಡಿಸಿ ಅಕ್ಕನ ಕೀಬೋರ್ಡಿಗೆ ಕೂರಿಸುವ ಬೆಸುಗೆಯ ಕೆಲಸ ಎರಡು ಭಾನುವಾರ ಹಿಡಿಯಿತು. ಕಾವು ಹೆಚ್ಚಾದರೆ ಹಲಗೆಯ ತಾಮ್ರದ ಗೆರೆ ಎದ್ದುಬರುತ್ತದೆ. ಎದ್ದರೆ ಅಕ್ಕನ ಕೀಬೋರ್ಡೇ ಹೋಯಿತು. ಸ್ವಿಚ್ಚುಗಳ ಪ್ರತಿ ತಂತಿಕಾಲಿಗೂ ಉಸಿರು ಹಿಡಿದೆ. ಎರಡನೇ ಭಾನುವಾರ ಅಕ್ಕ ಬೆರಳಿಟ್ಟು ಒಂದು ಸಾಲು ಟೈಪ್ ಮಾಡಿ ತಟ್ಟನೆ ಕೈ ಎತ್ತಿದಳು.

“ಏನಾತು?”

“ಇದು ಬ್ಯಾರೇ ಸಪ್ಪಳ.” ಮತ್ತೆ ಒತ್ತಿದಳು. “ಚುಲೋ ಕೇಳಸ್ತೈತಿ. ಇಷ್ಟ ದಿನಾ ಮೂಗಿನ್ಯಾಗ ಮಾತಾಡ್ತಿತ್ತು.”

ಅಂಗಡಿಯಲ್ಲಿ ಸೋಮವಾರ ಕಾಕಾ ಒಳಗಿನ ಕೋಣೆಯಿಂದಲೇ ಕೂಗಿದರಂತೆ, “ಅರೆ, ತಂದಾಗ ಹಿಂಗ ಇತ್ತು ನೋಡು ಇದರ ಸಪ್ಪಳ!” ಆಮೇಲೆ ಕಪಾಟಿನ ಮೇಲಿನ ಡಬ್ಬಿಯನ್ನು ಬೇರೆ ಯಾರಿಗೋ ಕೊಟ್ಟರು.

ನಾನು ದಿನಚರಿಯ ಎರಡೂ ಸಾಲುಗಳ ಮೇಲೆ ಅಡ್ಡಗೆರೆ ಎಳೆದೆ. ಅಲ್ಲಿಗೆ ಮುಗಿಯಿತು ಎಂದುಕೊಂಡೆ.

ಖಂಡೆ ಪೂಜೆಯ ದಿನ ಅಂಗಡಿಗೆ ನನ್ನನ್ನೂ ಕರೆದಿದ್ದರು. ಯಂತ್ರಗಳಿಗೆ ಚೆಂಡುಹೂವಿನ ಹಾರ, ಗೋಡೆಗೆ ಕಬ್ಬು. ನಾವು ಮೊದಲೇ ಕೀಬೋರ್ಡಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿದ್ದೆವು. ಕಾಕಾ ಎಣ್ಣೆಡಬ್ಬಿ ಹಿಡಿದು ಬಂದರು.

“ಕಾಕಾ, ಇದಕ್ಕ ಎಣ್ಣಿ ಬ್ಯಾಡ್ರಿ,” ಎಂದಳು ಅಕ್ಕ.

“ಮಷಿನ್ ಅಲ್ಲೇನವಾ ಅದು?”

“ಮಷಿನ್ ಹೌದ್ರಿ. ಆದ್ರ ಎಣ್ಣಿ ಕುಡುದು ಕುಡುದು ದನೀನ ಹೋಗಿತ್ತಂತ, ನಮ್ಮ ತಂಗಿ ಹೇಳ್ತಾಳ.”

ಎಲ್ಲರೂ ನಕ್ಕರು, ಕಾಕಾರೂ. “ಹಂಗಾರ ಇವತ್ತಿಂದ ಇದಕ್ಕ ಉಪಾಸ,” ಎಂದು ಡಬ್ಬಿ ಇಟ್ಟು, ಭಂಡಾರದ ಚೀಲಕ್ಕೆ ಕೈ ಹಾಕಿದರು. ಅಕ್ಕ ತನ್ನ ಕುರ್ಚಿಯಲ್ಲಿ ಎದುರಿಗೆ ನೋಡುತ್ತ ಕುಳಿತಿದ್ದಳು. ಕಾಕಾ ಅವಳ ಬಲಗಡೆಯಿಂದ ಬಂದು, ತುಂಬಿದ ಮುಷ್ಟಿಯನ್ನು ಅವಳ ಕಿವಿಯ ಮಟ್ಟಕ್ಕೆ ಎತ್ತಿದರು. ಅಷ್ಟು ಹತ್ತಿರ ಕೈ ಬಂದರೆ ಯಾರಾದರೂ ಕಣ್ಣು ಮುಚ್ಚುತ್ತಾರೆ, ತಲೆ ಸರಿಸುತ್ತಾರೆ. ಅಕ್ಕನ ರೆಪ್ಪೆ ಮಿಸುಕಲಿಲ್ಲ. ಇನ್ನೂ ಹಿಂದಿನ ನಗುವಿನಲ್ಲೇ ಇದ್ದಳು.

ಕಾಕಾರ ಕೈ ಗಾಳಿಯಲ್ಲಿ ನಿಂತಿತು. ಬೆರಳುಗಳ ಸಂದಿಯಿಂದ ಪುಡಿ ಸೋರುತ್ತಿತ್ತು. ಅವರು ಮುಷ್ಟಿಯನ್ನು ಸ್ವಲ್ಪ ಹಿಂದಕ್ಕೆ, ಮತ್ತೆ ಸ್ವಲ್ಪ ಮುಂದಕ್ಕೆ ತಂದರು. ಅಕ್ಕ ನೋಡಲಿಲ್ಲ. ಕಾಕಾ ನನ್ನ ಕಡೆ ತಿರುಗಿದರು. ನಾನು ನೆಲ ನೋಡಿದೆ.

ಆಮೇಲೆ ಅವರು ಬೇಕಂತಲೇ ಗಟ್ಟಿಯಾಗಿ ಹೇಳಿದರು, “ಯವ್ವಾ, ಭಂಡಾರ ಹಾಕ್ತೇನಿ, ಕಣ್ಣು ಮುಚ್ಚು.”

ಅಷ್ಟು ವರ್ಷಗಳಲ್ಲಿ ಅವರು ಹೇಳಿ ಹಾಕಿದ್ದು ಅದೇ ಮೊದಲು ಎಂದು ಅಕ್ಕ ಬಸ್ಸಿನಲ್ಲಿ ಹೇಳಿದಳು. ನಾನು ಕಂಡದ್ದನ್ನು ಹೇಳಿದೆ. ಅವಳು ನನ್ನ ಕೈ ಹಿಡಿದಳು. ನಮ್ಮ ಊರು ಬರುವವರೆಗೆ ಬಿಡಲಿಲ್ಲ.

ದೀಪಾವಳಿ ದಾಟಿದೆ. ಕಾಕಾ ಏನೂ ಕೇಳಿಲ್ಲ. ಅಕ್ಕನ ಕುರ್ಚಿಯ ಪಕ್ಕದಲ್ಲಿದ್ದ ಸ್ಟೂಲನ್ನು ತೆಗೆಸಿದ್ದಾರೆ. ಉದ್ದ ಅರ್ಜಿ ಬಂದರೆ ತಾವೇ ಎದುರಿಗೆ ಕುಳಿತು “ಬರಕೋವಾ” ಎಂದು ಓದುತ್ತಾರೆ. ಇದು ಇಟ್ಟುಕೊಳ್ಳುವವರ ರೀತಿಯೋ, ಲಗ್ನದ ಸುಗ್ಗಿ ಮುಗಿಯುವವರೆಗೆ ಕಾಯುವವರ ರೀತಿಯೋ, ನಮಗೆ ತಿಳಿಯುತ್ತಿಲ್ಲ. ಕೇಳಿಬಿಡು ಎಂದು ನಾನು ಎರಡು ಸಲ ಹೇಳಿದೆ. “ಕೇಳಿದ್ರ ಉತ್ತರ ಬರ್ತೈತಲ್ಲ,” ಎಂದಳು ಅಕ್ಕ.

ಈಗ ಹೊತ್ತು ಬೇಗ ಮುಳುಗುತ್ತದೆ. ಅವಳು ಒಬ್ಬಳೇ ಬಸ್ಸು ಹತ್ತುವುದು ಬೇಡವೆಂದು ನಾನು ಹಾನಗಲ್ಲಿನಿಂದ ನೇರ ಶಿಗ್ಗಾಂವಿಗೆ ಹೋಗುತ್ತೇನೆ. ಅಂಗಡಿ ಮೇಲಿನ ಅಂತಸ್ತಿನಲ್ಲಿದೆ. ಮೆಟ್ಟಿಲ ಕೆಳಗೆ ನಿಂತು, ರಸ್ತೆಯ ಗದ್ದಲ ತಗ್ಗುವುದನ್ನು ಕಾದು, ಕಿವಿ ಕೊಡುತ್ತೇನೆ. ಮೇಲಿಂದ ಟಕ್ ಟಕ್ ಎಂದು ಕೇಳಿಸಿದ ಮೇಲೆ ಮೆಟ್ಟಿಲು ಹತ್ತುತ್ತೇನೆ. ನಿನ್ನೆ ಸ್ವಲ್ಪ ಹೊತ್ತು ಏನೂ ಕೇಳಿಸಲಿಲ್ಲ. ಮೆಟ್ಟಿಲ ಕಂಬಿ ಹಿಡಿದು ನಿಂತೇ ಇದ್ದೆ. ಕಾಕಾ ಹಾಳೆ ತಿರುಗಿಸುತ್ತಿದ್ದರಂತೆ.